ನಾಲ್ಕನೇ ಜ್ವರ

ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ.
ಅತ್ತರು ಹಾಕಿದವರು, ಬೀಡಿ ಸೇದಿದವರು,
ಸಾವಿನ ಮನೆಯಿಂದ ನೇರ ಬಂದವರು, ಯಾರನ್ನೂ.
ಬಾಗಿಲಲ್ಲೇ ಹೇಳಿದೆ.
ಅವನು ಚಪ್ಪಲಿ ಬಿಟ್ಟ,
ಬ್ಲೀಚಿಂಗ್ ಪೌಡರಿನ ನೀರಲ್ಲಿ ಪಾದ ಅದ್ದಿದ,
ತುಪ್ಪಳದ ಕುಲಾವಿ ಹಾಕಿದ ಮೈಕನ್ನು
ಹಸುಗೂಸಿನ ಹಾಗೆ ಎದೆಗಾನಿಸಿಕೊಂಡು
‘ಹುಳ ಮೇಯೋ ಸದ್ದು ಬೇಕಕ್ಕ’ ಅಂದ.

ಮೇಲೂರಿಗೆ ಮದುವೆಯಾಗಿ ಬಂದು ಮೂವತ್ತೊಂದು ವರ್ಷ.
ಗೂಡು ಕೇಳಿದ್ದಾರೆ, ರೇಟು ಕೇಳಿದ್ದಾರೆ,
ಸದ್ದು ಕೇಳಿದವನು ಇವನೊಬ್ಬ.

ಹೆಸರು ಎಬಿನೇಜರ್.
ಚಿಕ್ಕಬಳ್ಳಾಪುರದ ಕಾಂಪೌಂಡರೊಬ್ಬರ ಮಗ.
ಶಿಡ್ಲಘಟ್ಟದಲ್ಲಿ ಖಲಂದರ್ ಸಾಬರ
ಮುಚ್ಚಿದ ಫಿಲೇಚರಿನ ಮಾಳಿಗೆ ಬಾಡಿಗೆಗೆ ಹಿಡಿದಿದ್ದ.
ನರ್ಸುಗಳ ಹಳೇ ಹಾಸ್ಟೆಲ್ಲು ಕೆಡವುವಾಗ ಸಿಕ್ಕ ಪಿಯಾನೋ
ಗೂಡು ಸಾಗಿಸುವ ಟೆಂಪೋದಲ್ಲಿ ಬಂತಂತೆ.
ಎಂಟು ಹಮಾಲರು. ಮೆಟ್ಟಿಲ ತಿರುವಿನಲ್ಲಿ
ಯಾರೂ ಮುಟ್ಟದೆ ಅದು ತಾನೇ ಒಮ್ಮೆ ನರಳಿತಂತೆ.
‘ಆ ನರಳಿಕೇನೂ ಇಟ್ಕೊಂಡಿದೀನಿ’ ಅಂದ.

ಐದನೇ ಹಂತದ ಹುಳು ಸೊಪ್ಪಿಗೆ ಬಿದ್ದರೆ
ಮಳೆ ಬಂದ ಹಾಗೆ ಅನ್ನುತ್ತಾರೆ ನೋಡಲು ಬಂದವರು.
ಮಳೆಯಲ್ಲ.
ಮಳೆಗೆ ಹಸಿವಿರುವುದಿಲ್ಲ.

ಆದರೆ ಅವನು ಬಂದ ದಿನ ತಪ್ಪಿತ್ತು.
‘ಜ್ವರಕ್ಕೆ ಕೂತವೆ ಕಣಪ್ಪ, ನಾಲ್ಕನೇದು.
ತಿನ್ನಲ್ಲ, ಕದಲಲ್ಲ.
ನಾಳೆ ಸಂಜೆ ಪೊರೆ ಬಿಟ್ಟು ಏಳ್ತವೆ, ಆಗ ಬಾ.’
ಸುಣ್ಣದ ಪುಡಿ ಉದುರಿಸಿದ ಹಾಸಿನ ಮೇಲೆ
ಸಾವಿರ ಸಾವಿರ ತಲೆ, ಎಲ್ಲ ಮೇಲಕ್ಕೆತ್ತಿದ್ದವು,
ಯಾರೋ ಹೆಸರಿಡಿದು ಕರೆದು, ಮುಂದೇನೂ ಹೇಳದೆ ಹೋದ ಹಾಗೆ.
‘ಇದೇ ಸಾಕು’ ಅಂದ.
ಒಂದು ಗಂಟೆ ಮಂಡಿಯೂರಿ
ಏನೂ ಇಲ್ಲದ್ದಕ್ಕೆ ಮೈಕು ಹಿಡಿದ.
ತಲೆ ಕೆಟ್ಟವನು ಎಂದುಕೊಂಡು ನಾನೂ ನಿಂತೇ ಇದ್ದೆ.

ಬೆಳೆ ಎದ್ದಿತು. ಗೂಡು ಮಾರಿ
ಚೀಟಿ ಸೆರಗಿಗೆ ಕಟ್ಟಿ ಅವನ ಮಾಳಿಗೆ ಹತ್ತಿದೆ.
ಪಿಯಾನೋದ ಎದೆ ಬಿಚ್ಚಿಟ್ಟಿದ್ದ.
‘ಇದು ಸುತ್ತಿಗೆ, ಇದು ತಂತಿ,
ನಡುವೆ ನಿಮ್ಮ ಕಡೆಯ ಜಾಳು ರೇಷ್ಮೆ.’
ಹೊಡೆತ ಅಲ್ಲಿಗೆ ಬರುವಷ್ಟರಲ್ಲಿ ಮುಟ್ಟುವುದಾಗಿರುತ್ತಿತ್ತು.
ಒಳಗಿನ ಮರ ಕಿರುಗುಟ್ಟುವುದು, ಅವನ ಉಗುರು ತಾಕುವುದು,
ಅದನ್ನೂ ಅಳಿಸಿರಲಿಲ್ಲ.
ಬೀದಿ ಟ್ರಾನ್ಸ್‌ಫಾರ್ಮರಿನ ಗುಂಯ್‌ಗೆ ಶ್ರುತಿ ಕೂಡಿಸಿದ್ದ;
‘ಕರೆಂಟ್ ಹೋದರೆ ನನ್ನ ತಂಬೂರಿ ಹೋಯ್ತು’ ಎಂದು ನಕ್ಕ.

ಆಮೇಲೆ ನನ್ನ ಕಿವಿಗೆ ಹೆಡ್‌ಫೋನು.
ಒಂದು ಸ್ವರ ಒತ್ತಿದ, ಕಂಪ್ಯೂಟರಿನಲ್ಲಿ ಅದರ ತುದಿ ಹುಡುಕಿ
ಎಳೆದ, ಎಳೆಯುತ್ತಲೇ ಹೋದ.
ಇಷ್ಟೇ ಇಷ್ಟು ಗೂಡಿನಲ್ಲಿ ಅರ್ಧ ಮೈಲಿ ನೂಲಿರುವುದು ನನಗೆ ಗೊತ್ತು;
ಆದರೂ ಬಾಯಿ ತೆರೆದೆ.
ಅದರ ಅಡಿಯಲ್ಲಿ ಇನ್ನೊಂದು, ಸೊಗಸಾಗಿ, ಕಂಬಳಿಯ ಒಳಗಿನಂತೆ.
‘ಕೇಳಿದೋರೆಲ್ಲ ಬೆಚ್ಚಗಿದೆ ಅಂತಾರೆ.’
ಏನಪ್ಪ ಅದು ಅಂದೆ.
ಪಕ್ಕದ ಬೀದಿಯ ರೀಲಿಂಗ್ ಬೇಸಿನ್ನು,
ಗೂಡು ಕುದಿಯುವ ನೀರು,
ನಲವತ್ತು ಪಟ್ಟು ನಿಧಾನ.

ಒಳಗೆ ಮಲಗಿದ್ದವುಗಳ ಮಾತು ಅವನೆತ್ತಲಿಲ್ಲ.
ಸೆರಗಿನ ಗಂಟಲ್ಲಿ ಅವುಗಳ ದುಡ್ಡಿತ್ತು, ನಾನೂ ಎತ್ತಲಿಲ್ಲ.

ಅಷ್ಟರಲ್ಲಿ ಎಲ್ಲ ನಿಂತಿತು.
ಕರೆಂಟ್ ಹೋಯಿತೆಂದು ಬಲ್ಬು ನೋಡಿದೆ, ಉರಿಯುತ್ತಿತ್ತು.
ಕಿವಿಯೊಳಗೆ ಒಂದು ಕೋಣೆ ತೆರೆದುಕೊಂಡಿತ್ತು.
ದೂರದಲ್ಲೊಂದು ಪಂಪ್‌ಸೆಟ್ಟು.
ಯಾರದೋ ಉಸಿರು, ಮೂಗು ಕಟ್ಟಿದವರದು.
ಗಾಜಿನ ಬಳೆ ಒಂದಕ್ಕೊಂದು ತಗುಲಿದ್ದು.
ಆ ದಿನ ನನಗೆ ನೆಗಡಿಯಿತ್ತು.

ಬಹಳ ಹೊತ್ತಾದ ಮೇಲೆ ಪಿಯಾನೋದ ಒಂದೇ ಮಣೆ,
ಮಲಗಿದವರ ಮೇಲೆ ಹೊದಿಕೆ ಎಳೆಯುವಷ್ಟು.

‘ಅಕ್ಕಯ್ಯಮ್ಮ’ ಅಂತ ಅದಕ್ಕೆ ಹೆಸರಿಡಲೇ ಎಂದ.
ಬೇಡ ಮಾರಾಯ, ನಮ್ಮೋರು ಬಯ್ತಾರೆ ಅಂದೆ.
ಕೊನೆಯ ಬಸ್ಸಿಗೆ ಓಡಿದೆ.

ಈಗಲೂ ಪ್ರತಿ ಬೆಳೆಯ ನಾಲ್ಕನೇ ಜ್ವರಕ್ಕೆ
ಒಳಗೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.
ಕೆಲಸವೇನೂ ಇರುವುದಿಲ್ಲ.
ಬಳೆಗಳನ್ನು ಮೊಣಕೈವರೆಗೆ ಏರಿಸಿ
ಬಿಗಿ ಮಾಡಿಕೊಂಡಿರುತ್ತೇನೆ.